ಶ್ರೀರಾಮನಗರದ ಸಾಲು

ಓಬಳೆಪ್ಪ ನಿಚ್ಚಣಿಕೆ ಏರಿ ಕುದುರೆಯ ಬಾಲಕ್ಕೆ ಬಣ್ಣ ಹಚ್ಚುತ್ತಿದ್ದಾಗ ಗುರುಲಿಂಗಮ್ಮ ರೊಟ್ಟಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದಳು. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ, ಜನ ಬಸ್ಸಿಗೆ ಕೈ ಮಾಡಿ ನಿಲ್ಲುವ ಬೇವಿನ ಮರದ ಎದುರಿಗೇ ಅವಳ ತಮ್ಮ ಕರಿಬಸಪ್ಪನ ಮನೆ. ರಸ್ತೆ ಕಡೆಗಿನ ಉದ್ದನೆಯ ಗೋಡೆ ಇಷ್ಟು ದಿನ ಬೋಳಾಗಿತ್ತು. ಈಗ ಅದರ ತುಂಬ ಒಂದು ಕೆಂಪು ಕುದುರೆ ಹಿಂಗಾಲ ಮೇಲೆ ಎದ್ದು ನಿಂತಿತ್ತು. ಪಕ್ಕದಲ್ಲಿ ಹಳದಿ ರುಮಾಲು ಸುತ್ತಿಕೊಂಡ ಕರಿಬಸಪ್ಪ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಬಹುಮಾನದ ಢಾಲು. ಕೆಳಗೆ ದಪ್ಪ ನೀಲಿ ಅಕ್ಷರದಲ್ಲಿ ‘ಚಾಂಪಿಯನ್ ಬಿಜಲಿ. ಮಾಲೀಕರು: ಕರಿಬಸಪ್ಪ, ಯಲಬುರ್ಗಾ’ ಎಂದಿತ್ತು. ಅದರ ಕೆಳಗೆ ಕುದುರೆ ಗೆದ್ದ ಊರುಗಳು, ಗೆದ್ದ ವರ್ಷಗಳು. ಪ್ರತಿ ಸಾಲಿನ ಕೊನೆಗೂ ‘ಪ್ರಥಮ’.

ಗುರುಲಿಂಗಮ್ಮ ಸಾಲಿ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಎಲ್ಲ ಸಾಲನ್ನೂ ಓದಿದಳು. ಬುಟ್ಟಿ ತಲೆಯ ಮೇಲೆಯೇ ಇತ್ತು.

“ಓಬಳೆಪ್ಪಾ, ಒಂದು ಸಾಲು ಉಳದೈತಿ.”

“ಇಲ್ರಿ ಅಕ್ಕಾರ. ನನಗ ಬರದು ಕೊಟ್ಟಿದ್ದು ಇಷ್ಟ.”

“ಶ್ರೀರಾಮನಗರ ಬಿಟ್ಟೀಯಲ್ಲ.”

ಓಬಳೆಪ್ಪ ಕುಂಚ ತಡೆದು ಮನೆಯ ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಕರಿಬಸಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ಬಂದ.

“ಶ್ರೀರಾಮನಗರದಾಗ ಏನ ಗೆದ್ದೈತಿ ಬರ್ಯಾಕ?” ಎಂದ.

“ಗೆದ್ದಿಲ್ಲ. ಸತ್ತೈತಿ. ಅದನ್ನ ಬರಸು.”

“ಮುಂಜಾನೆದ್ದು ಜಗಳಕ್ಕ ಬಂದೇನು? ರೊಟ್ಟಿ ಕೊಡಾಕ ಹೊಂಟೀದಿ, ಸುಮ್ನ ಕೊಟ್ಟು ಹೋಗು.”

“ಅದರ ಹಣ್ಯಾಗ ಬಿಳಿ ಚುಕ್ಕಿ ಇತ್ತು, ಇಲ್ಲಿ ಇಲ್ಲ. ಅದರ ಹೆಸರು ಕೆಂಚಿ, ಅದೂ ಇಲ್ಲ. ಎರಡು ಕಾಲಮ್ಯಾಲ ನಿಂದ್ರಿಸೀಯಲ್ಲ, ಹುಟ್ಟಿದಾಗಿಂದ ಎಂದರ ಹಿಂಗ ನಿಂತಿತ್ತೇನೋ ಕರಿಯಾ ಅದು? ಇದು ಯಾವ ಕುದುರಿ?”

“ಗೋಡಿ ನಂದು. ನನ್ನ ಮನಸಿಗೆ ಬಂದಂಗ ಬರಸ್ತೀನಿ.”

“ಗೋಡಿ ನಿಂದು. ಕುದುರಿ ನಂದಾಗಿತ್ತು.”

ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದವರು ಎದ್ದು ನಿಂತು ನೋಡತೊಡಗಿದ್ದರು. ಅವರಿಗೆ ಕೇಳಲಿ ಎಂದೇ ಕರಿಬಸಪ್ಪ ದನಿ ಏರಿಸಿದ. “ನಿಂದಾಗಿದ್ರ ನಿನ್ನ ಮನ್ಯಾಗ ಕಟ್ಟಬೇಕಿತ್ತು. ನನ್ನ ಕೊಟ್ಟಿಗ್ಯಾಗ ಕಟ್ಟಿ, ನನ್ನ ಮೇವು ಹಾಕಿ, ಈಗ ನಂದು ಅಂತಾಳ ನೋಡ್ರಿ!”

ಗುರುಲಿಂಗಮ್ಮ ಗೋಡೆಯ ಹತ್ತಿರ ಹೋದಳು. ಒಣಗದ ಬಣ್ಣದ ಮೇಲೆ, ಗೋಡೆಯ ಕರಿಬಸಪ್ಪನ ಮುಖದ ಮೇಲೆ, ಅಂಗೈಯಿಟ್ಟು ಒರೆಸಿ ಖಾನಾವಳಿಯ ದಾರಿ ಹಿಡಿದಳು. ಹಳದಿ ರುಮಾಲು, ಮೀಸೆ, ಕೆನ್ನೆ ಎಲ್ಲ ಕಲಸಿಹೋದವು. ಓಬಳೆಪ್ಪನಿಗೆ ಆವತ್ತು ಅರ್ಧ ದಿನ ಹೆಚ್ಚಿನ ಕೆಲಸವಾಯಿತು.

ಅವಳು ಮೊದಲಿನಿಂದಲೂ ಅಂಥವಳೇ. ಗಂಡ ಪ್ರಭುರಾಜ ಬಸ್ ಕಂಡಕ್ಟರು, ದಿನವಿಡೀ ಅಪರಿಚಿತರ ಬೈಗುಳ ತಿಂದು ತಣ್ಣಗಿರುವುದನ್ನು ಕಲಿತ ಮನುಷ್ಯ. ಇವಳೋ ಬಸ್ ಡಿಪೋ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ರೊಟ್ಟಿ ದಪ್ಪವಾಯಿತು ಎಂದು ಯಾವ ಖಾನಾವಳಿಯವನೂ ಅವಳಿಗೆ ಎರಡನೇ ಸಲ ಹೇಳಿದ್ದಿಲ್ಲ. ಓಣಿಯ ನಳ್ಳಿಯ ಮುಂದೆ ಅವಳ ಕೊಡ ಇದ್ದರೆ ಅದನ್ನು ಯಾರೂ ಸರಿಸುತ್ತಿರಲಿಲ್ಲ. ಅವಳಿಗೆ ಗೆಳತಿಯರೆಂದು ಇದ್ದದ್ದು ಕಡಿಮೆ, ಅದರ ಬಗ್ಗೆ ಅವಳಿಗೆ ಚಿಂತೆಯೂ ಇರಲಿಲ್ಲ.

ಕೆಂಚಿ ಅವಳಿಗೆ ಸಿಕ್ಕದ್ದು ಕೊಪ್ಪಳದ ಒಂದು ಮದುವೆಯಲ್ಲಿ. ಮದುಮಗನ ಬರಾತಿನ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಶಫೀಸಾಬ ಕಲ್ಯಾಣ ಮಂಟಪದ ಹಿತ್ತಲಲ್ಲಿ ತಲೆಗೆ ಕೈ ಹೊತ್ತು ಕೂತಿದ್ದ. ಹಿಂದಿನ ದಿನ ಅವನ ಕುದುರೆ ಮರಿ ಹಾಕಿ ಸತ್ತಿತ್ತು. ಮರಿ ಒಂದು ಗೋಣಿಚೀಲದ ಮೇಲೆ ಬಿದ್ದು ಕಾಲು ಅಲ್ಲಾಡಿಸುತ್ತಿತ್ತು.

“ಬದುಕಂಗಿಲ್ಲ ಬಿಡ್ರಿ ಅಮ್ಮಾ” ಎಂದ ಶಫೀಸಾಬ.

“ಬದುಕಂಗಿಲ್ಲಂದ್ರ ನನಗ ಕೊಡ್ರಿ. ನಿಮಗೇನು ಹೋಗೂದೈತಿ?”

ಊಟಕ್ಕೂ ಕೂಡದೆ ಮರಿಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಳು. ತನ್ನ ಓಣಿಯಲ್ಲಿ ಕಟ್ಟಲು ಜಾಗವಿಲ್ಲ. ಅಪ್ಪ ಬಿಟ್ಟುಹೋದ ಮನೆಯಲ್ಲಿ ತಮ್ಮ ಇದ್ದ, ದೊಡ್ಡ ದನದ ಕೊಟ್ಟಿಗೆ ಇತ್ತು. ಅಲ್ಲಿ ಕಟ್ಟಿದಳು. “ಹಾಲು ಕೊಡಂಗಿಲ್ಲ, ಉಳಾಕ ಬರಂಗಿಲ್ಲ, ಏನ ಮಾಡ್ತಿ ಇದನ್ನ?” ಎಂದು ಕರಿಬಸಪ್ಪ ಗೊಣಗಿದ. ಅವಳು ಸೀಸೆಯಲ್ಲಿ ಆಡಿನ ಹಾಲು ಕುಡಿಸಿದಳು. ಮುಂದೆ ಜೋಳದ ಅಂಬಲಿ, ಆಮೇಲೆ ನೆನೆಸಿದ ಹುರಳಿ. ಮರಿಯನ್ನು ಬಿಟ್ಟಿರಲಾರದೆ ರೊಟ್ಟಿಯ ಒಲೆಯನ್ನೂ ಕೊಟ್ಟಿಗೆಯ ಮಗ್ಗುಲಿಗೆ ಹೂಡಿದಳು. ಹೀಗಾಗಿ ಕೆಂಚಿ ಬೆಳೆದದ್ದು ರೊಟ್ಟಿ ಬಡಿಯುವ ಸದ್ದಿನಲ್ಲಿ. ಆ ಸದ್ದು ಶುರುವಾದರೆ ಕಿವಿ ನೆಟ್ಟಗೆ ಮಾಡಿ ಕುಣಿಯುತ್ತಿತ್ತು.

ಕರಿಬಸಪ್ಪನ ಕಣ್ಣು ಅದರ ಮೇಲೆ ಬಿದ್ದದ್ದು ಒಂದು ಮಧ್ಯಾಹ್ನ. ಹಗ್ಗ ಬಿಚ್ಚಿಕೊಂಡ ಕೆಂಚಿ ರಸ್ತೆಗೆ ನುಗ್ಗಿ ಕುಷ್ಟಗಿ ಬಸ್ಸಿನ ಬೆನ್ನು ಹತ್ತಿತು. ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಕೆ ಹೊಡೆದರು. ಎಷ್ಟೋ ದೂರ ಕುದುರೆ ಬಸ್ಸಿಗೆ ಸರಿಸಮ ಓಡಿತು. ಮಾರನೆಯ ದಿನವೇ ಕರಿಬಸಪ್ಪ ಕುಷ್ಟಗಿಗೆ ಹೋಗಿ ಹಗುರಾದ ಓಟದ ಗಾಡಿಯೊಂದನ್ನೂ, ಅದನ್ನು ಹೊಡೆಯಲು ಯಂಕೇಶ ಎಂಬ ತೆಳ್ಳಗಿನ ಹುಡುಗನಂಥ ಆಳನ್ನೂ ಗೊತ್ತು ಮಾಡಿಕೊಂಡು ಬಂದ. ಯಂಕೇಶನಿಗೆ ಆಗಲೇ ಮೂವತ್ತು ದಾಟಿತ್ತು. ನೋಡಿದರೆ ಗೊತ್ತಾಗುತ್ತಿರಲಿಲ್ಲ.

“ಶರ್ಯತ್ತಿಗೆ ಬಿಡೋಣ ಅಕ್ಕಾ” ಎಂದ ಕರಿಬಸಪ್ಪ.

“ಓಡೂದು ಅದಕ್ಕ ಖುಷಿ ಇದ್ರ ಓಡ್ಲಿ. ಬಾರಕೋಲು ಮಾತ್ರ ಮುಟ್ಟಸಬಾರದು.”

ಯಂಕೇಶ ಆ ಮಾತು ಉಳಿಸಿಕೊಂಡ. ಗಾಡಿಯ ಹಲಗೆಗೆ ಅಂಗೈಯಿಂದ ರೊಟ್ಟಿ ಬಡಿದಂತೆ ಪಟಪಟ ಬಡಿಯುವನು. ಕೆಂಚಿ ಹಾರುವುದು. ಯಲಬುರ್ಗಾದ ಮೊದಲ ಶರ್ಯತ್ತಿನಲ್ಲಿ ಬರಾತಿನ ಕುದುರೆ ಮರಿ ಬಂದಿದೆ ಎಂದು ನಕ್ಕವರು ಓಟ ಮುಗಿದ ಮೇಲೆ ಅದರ ಕಾಲಿನ ಧೂಳು ಒರೆಸಲು ಮುಂದಾದರು. ಕುಷ್ಟಗಿಯಲ್ಲಿ ಅರ್ಧ ದಾರಿಯವರೆಗೆ ಹಿಂದಿತ್ತು, ಕೊನೆಗೆ ನಾಲ್ಕು ಗಾಡಿಗಳನ್ನು ಒಂದರ ನಂತರ ಒಂದು ಹಿಂದೆ ಹಾಕಿತು. ಕನಕಗಿರಿಯಲ್ಲಿ ಪಕ್ಕದ ಗಾಡಿಯ ಚಕ್ರ ತಾಗಿ ಯಂಕೇಶನ ಮೊಣಕಾಲು ಸುಲಿದರೂ ಕುದುರೆ ಗೆರೆ ಬಿಡಲಿಲ್ಲ. ಗಂಗಾವತಿಯಲ್ಲಿ ವಿಜಯಪುರ ಕಡೆಯಿಂದ ಬಂದ ಸೋಲರಿಯದ ಕಪ್ಪು ಕುದುರೆಯನ್ನು ಒಂದು ಕುತ್ತಿಗೆಯಷ್ಟು ಹಿಂದಿಕ್ಕಿತು. ಕೊಪ್ಪಳದಲ್ಲಿ ಪೈಪೋಟಿಯೇ ಇರಲಿಲ್ಲ.

ಮೈಕಿನಲ್ಲಿ ಕೂಗಲು ಕೆಂಚಿ ಎಂಬ ಹೆಸರು ಚೆನ್ನಾಗಿರುವುದಿಲ್ಲ ಎಂದು ಕರಿಬಸಪ್ಪ ಬಿಜಲಿ ಎಂದು ಬರೆಸಿದ. ಗುರುಲಿಂಗಮ್ಮನಿಗೆ ಅದು ಹಿಡಿಸಲಿಲ್ಲ, ಆದರೂ ಬಿಟ್ಟಳು. ಗಂಗಾವತಿಯಲ್ಲಿ ಗೆದ್ದಾಗ ಪೇಪರಿನವರು ಫೋಟೋ ತೆಗೆದರು. ಕುದುರೆಯ ಆ ಬದಿಗೆ ಅವಳು ನಿಂತಿದ್ದಳು, ಈ ಬದಿಗೆ ತಮ್ಮ. ಅಚ್ಚಾದ ಫೋಟೋದಲ್ಲಿ ಕುದುರೆಯ ಕುತ್ತಿಗೆಯ ಮೇಲೆ ಬಳೆ ತೊಟ್ಟ ಒಂದು ಕೈಯಷ್ಟೇ ಕಾಣುತ್ತಿತ್ತು. ಮುಂದೆ ಓಬಳೆಪ್ಪ ಗೋಡೆಗೆ ಇಳಿಸಿದ್ದು ಇದೇ ಫೋಟೋವನ್ನು, ಕುದುರೆಯನ್ನು ಹಿಂಗಾಲ ಮೇಲೆ ಎಬ್ಬಿಸಿ. ಆಗ ಆ ಕೈಯೂ ಹೋಯಿತು.

ಕೊಪ್ಪಳದ ಶರ್ಯತ್ತಿನ ನಂತರ ಕೆಂಚಿ ಮುಂಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಗುರುಲಿಂಗಮ್ಮ ಗೊರಸಿನ ಮೇಲಿನ ಗೆಣ್ಣು ಮುಟ್ಟಿದಳು. ಬಿಸಿಯಾಗಿತ್ತು.

“ಇದನ್ನ ಇನ್ನ ಓಡಸಬ್ಯಾಡ. ಹುಣ್ಣಿವಿ ಕಳೀಲಿ, ಮಳಿಗಾಲ ಕಳೀಲಿ. ಆಮ್ಯಾಗ ನೋಡೂಣು” ಎಂದಳು.

“ಆತು ಬಿಡು” ಎಂದ ಕರಿಬಸಪ್ಪ.

ವಾರ ಕಳೆದ ಮೇಲೆ ಅವನೇ ಒಂದು ಟೆಂಪೊ ತರಿಸಿದ. ಕೊಪ್ಪಳದ ದನದ ದವಾಖಾನೆಗೆ ಒಯ್ದು ಕಾಲಿನ ಫೋಟೋ ತೆಗೆಸುತ್ತೇನೆ, ಎರಡು ದಿನ ಅಲ್ಲಿಯೇ ಇಟ್ಟುಕೊಳ್ಳಬಹುದು ಎಂದ. ಅವಳು ತಾನೇ ಕುದುರೆಯನ್ನು ಹಲಗೆ ಹತ್ತಿಸಿದಳು. ಮೇವಿಗೆ ಜೋಳದ ಕಣಿಕೆಯ ಕಟ್ಟು, ಹುರಳಿಯ ಚೀಲ ಇಟ್ಟಳು. ಕಾಲಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು. ಟೆಂಪೊದಲ್ಲಿ ಯಂಕೇಶ ಕೂತಿದ್ದ. ಅವನು ಅವಳ ಮುಖ ನೋಡಲಿಲ್ಲ. ಅದು ಅವಳಿಗೆ ಆಗ ಹೊಳೆಯಲಿಲ್ಲ.

ಮರುದಿನ ಸಂಜೆ ಪ್ರಭುರಾಜ ಗಂಗಾವತಿ ಬಸ್ ನಿಲ್ದಾಣದಿಂದ ಫೋನ್ ಮಾಡಿದ.

“ಕೆಂಚಿ ಎಲ್ಲೈತಿ?”

“ಕೊಪ್ಪಳದಾಗ. ದವಾಖಾನ್ಯಾಗ. ಯಾಕ್ರಿ?”

“ಇಲ್ಲಿ ಬಸ್ಸಿನ್ಯಾಗ ಮಂದಿ ಮಾತಾಡಾಕತ್ತಾರ. ಶ್ರೀರಾಮನಗರದಾಗ ಕಾಲುವಿ ದಾರಿ ಮ್ಯಾಲ ಶರ್ಯತ್ತು ಇತ್ತಂತ. ಯಲಬುರ್ಗಾದ ಕುದುರಿ ಬಿದ್ದೈತಂತ.”

ಅವಳು ಶ್ರೀರಾಮನಗರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂಗಾಲು ಎರಡು ತುಂಡಾಗಿತ್ತು. ಡಾಕ್ಟರು ಸಾಯುವ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಆಂಧ್ರದಿಂದ ಬಂದು ನೆಲೆಸಿದ ಭತ್ತದ ಗದ್ದೆಯವರು ತಮ್ಮ ಬದುವಿನಲ್ಲಿ ಹೂಳಬಾರದೆಂದು ತೆಲುಗಿನಲ್ಲಿ ಜಗಳ ತೆಗೆದದ್ದರಿಂದ ಜೆಸಿಬಿ ತರಿಸಿ ದೂರದ ಸರಕಾರಿ ಜಾಗದಲ್ಲಿ ಗುಂಡಿ ತೆಗೆದು ಮುಚ್ಚಿದ್ದರು. ಹಸಿ ಮಣ್ಣನ್ನು ನೋಡಿ ಅವಳು ಹಿಂದಿರುಗಿ ಬಂದಳು. ತಮ್ಮ ಎಲ್ಲಿದ್ದಾನೆ ಎಂದು ಅವಳು ಕೇಳಲಿಲ್ಲ. ಮರುದಿನ ಅವನ ಕೊಟ್ಟಿಗೆಯ ಮಗ್ಗುಲಿಗಿದ್ದ ಒಲೆಯನ್ನು ಒದ್ದು ಒಡೆದಳು. ಅವನ ಮನೆಯ ನೀರನ್ನೂ ಮುಟ್ಟಲಿಲ್ಲ.

ಇದಾದ ಕೆಲವು ತಿಂಗಳಿಗೆ ಗೋಡೆಯ ಚಿತ್ರ ಎದ್ದದ್ದು.

ಮುಖ ಒರೆಸಿದ ಜಾಗವನ್ನು ಓಬಳೆಪ್ಪ ಸರಿಮಾಡಿ ಮುಗಿಸಿದ ಮೇಲೆ ಊರಿನವರು ಆ ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಗುರುಲಿಂಗಮ್ಮ ದಿನಾ ಮುಂಜಾನೆ ರೊಟ್ಟಿ ಕೊಟ್ಟು ಬರುವಾಗ ಬೇವಿನ ಮರದ ಕೆಳಗೆ ನಿಲ್ಲುವಳು. ಬಸ್ಸಿಗೆ ಕಾಯುವವರಿಗೆ ಗೋಡೆ ತೋರಿಸಿ ಹೇಳುವಳು: “ಛಲೋ ಐತೇನ್ರಿ ಕುದುರಿ? ಕುಂಟೂ ಕುದುರಿನ್ನ ದವಾಖಾನಿಗೆ ಒಯ್ತೀನಂತ ಸುಳ್ಳ ಹೇಳಿ ಶ್ರೀರಾಮನಗರಕ್ಕ ಒಯ್ದು ಓಡಿಸಿ ಕೊಂದಾನ ನೋಡ್ರಿ, ಆ ರುಮಾಲಿನಾಂವ. ಅದನ್ನ ಬರಸಿಲ್ಲ.” ಕೆಲವರು ಲೊಚಗುಟ್ಟುವರು, ಕೆಲವರು ನಗುವರು. ಒಳಗಿನಿಂದ ಕರಿಬಸಪ್ಪ ಟೀವಿ ದನಿ ಜೋರು ಮಾಡುವನು. ಡಿಪೋದಲ್ಲಿ ಪ್ರಭುರಾಜನಿಗೆ ತಮಾಷೆ ಶುರುವಾಯಿತು. ಬಸ್ ಸ್ಟ್ಯಾಂಡಿನ ಮೈಕು ಕೆಟ್ಟರೆ ನಿಮ್ಮ ಮನೆಯವರನ್ನು ಕಳಿಸಿ ಎಂದರು ಯಾರೋ.

“ಸಾಕ ಮಾಡು. ಸತ್ತಿದ್ದು ತಿರುಗಿ ಬರ್ತೈತೇನು?” ಎಂದ ಪ್ರಭುರಾಜ.

“ಬರಂಗಿಲ್ಲ. ಅದಕ್ಕ ಬರೀಲಿ ಅನ್ನಾಕತ್ತೀನಿ.”

ಕರಿಬಸಪ್ಪ ನಂಟರ ಮುಂದೆ ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ತಿರುಗಿದ. ಅದು ಅವಳ ಕಿವಿಗೆ ಬಿತ್ತು. ಮರುದಿನ ಹೊತ್ತೇರಿದ ಮೇಲೆ, ಓಣಿಯವರೆಲ್ಲ ನೋಡುತ್ತಿರುವಾಗಲೇ, ಡಬ್ಬಿಯಲ್ಲಿ ಡಾಂಬರು ತಂದು ಕಡ್ಡಿಗೆ ಬಟ್ಟೆ ಸುತ್ತಿ ಕೊನೆಯ ‘ಪ್ರಥಮ’ದ ಕೆಳಗೆ ಡೊಂಕು ಅಕ್ಷರದಲ್ಲಿ ಬರೆದಳು: ‘ಶ್ರೀರಾಮನಗರ. ಕಾಲ ಮುರದು ಸತ್ತಿತು.’ ಕರಿಬಸಪ್ಪ ಸುಣ್ಣ ಬಳಿಸಿದ. ಡಾಂಬರು ಸುಣ್ಣಕ್ಕೆ ಮುಚ್ಚಲಿಲ್ಲ, ಕಂದಾಗಿ ಇಣುಕುತ್ತಲೇ ಇತ್ತು. ಮೇಲೆ ನೀಲಿ ಬಣ್ಣ ಬಳಿಸಿದ. ಅವಳು ನೀಲಿಯ ಮೇಲೆ ಮತ್ತೆ ಬರೆದಳು. ಆಗ ಅವನು ಠಾಣೆಗೆ ಹೋದ.

ಹವಾಲ್ದಾರ ಹನುಮೇಶ ಇಬ್ಬರನ್ನೂ ಎದುರುಬದುರು ಕೂರಿಸಿದ. ವಯಸ್ಸಾದ ಮನುಷ್ಯ. ಅಕ್ಕ ತಮ್ಮಂದಿರ ಜಗಳವೆಂದರೆ ಹೊಲದ್ದೋ ಮನೆಯದ್ದೋ ಇರುತ್ತದೆ ಎಂದುಕೊಂಡಿದ್ದ.

“ಯಾಕ ಬರದ್ರಿ ಅಕ್ಕಾರ ಮಂದಿ ಗೋಡಿ ಮ್ಯಾಲ?”

“ಸುಳ್ಳ ಬರದೀನೇನು ಕೇಳ್ರಿ ಅವನ್ನ.”

ಹನುಮೇಶ ಕರಿಬಸಪ್ಪನ ಕಡೆ ತಿರುಗಿದ. ಕರಿಬಸಪ್ಪ ಮೇಜಿನ ಕಾಲು ನೋಡುತ್ತ, “ಸುಳ್ಳಲ್ರಿ. ಆದ್ರ ಗೋಡಿ ನಂದು” ಎಂದ. ಆಮೇಲೆ ಒಮ್ಮೆಲೆ ಅಕ್ಕನ ಕಡೆ ತಿರುಗಿ ಕೂಗಿದ: “ನಿನಗೊಬ್ಬಾಕಿಗೆ ಹೊಟ್ಟಿ ಉರದೈತೇನು? ನೀ ಇದ್ದೇನು ಅಲ್ಲಿ? ಅದು ಒದ್ದಾಡೂಮುಂದ ಅದರ ತಲಿ ನನ್ನ ತೊಡಿಮ್ಯಾಲಿತ್ತು! ಜೀವ ಹೋಗೂತನಾ ಇಟ್ಕೊಂಡು ಕುಂತಿದ್ದೆ ನಾನು!”

“ತಲಿ ತೊಡಿಮ್ಯಾಲ ಇಟ್ಕೊಳ್ಳಾಕ ಅದರ ಕಾಲು ಮುರೀಬೇಕಾಗಿತ್ತೇನು ನಿನಗ?”

ಕರಿಬಸಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅವಳ ಕಣ್ಣು ಒಣಗಿಯೇ ಇತ್ತು. ಕೊನೆಗೆ ಗೋಡೆ ಮುಟ್ಟುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡು ಹನುಮೇಶ ಇಬ್ಬರನ್ನೂ ಬೇರೆಬೇರೆಯಾಗಿ ಮನೆಗೆ ಕಳಿಸಿದ. ಅವಳು ಮಾತು ಉಳಿಸಿಕೊಂಡಳು. ಗೋಡೆಯ ಹತ್ತಿರ ಸುಳಿಯಲಿಲ್ಲ. ಕರಿಬಸಪ್ಪ ಅವಳ ಸಾಲಿನ ಮೇಲೆ ಇನ್ನೊಮ್ಮೆ ಬಣ್ಣ ಬಳಿಸಿ, ತಾನು ಗೆದ್ದೆ ಎಂದುಕೊಂಡ.

ಬೇಸಿಗೆ ಹೊತ್ತಿಗೆ ಅವನು ಮಿರಜ ಕಡೆಯಿಂದ ಒಂದು ಬೂದು ಬಣ್ಣದ ಕುದುರೆ ತಂದ. ಯಂಕೇಶ ಮತ್ತೆ ಗಾಡಿ ಹತ್ತಿದ. ಕನಕಗಿರಿಯಲ್ಲಿ ಹುಡುಗರ ಬಳಗವೊಂದು ಶರ್ಯತ್ತು ಇಟ್ಟಿದೆ ಎಂದು ಊರ ತುಂಬ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ‘ಎಂದೂ ಸೋಲದ ಬಿಜಲಿಯ ಮಾಲೀಕರು’ ಎಂದು ಕರಿಬಸಪ್ಪನ ಭಾವಚಿತ್ರವಿತ್ತು.

ಶರ್ಯತ್ತಿನ ದಿನ ಗುರುಲಿಂಗಮ್ಮ ಮುಂಜಾನೆ ಬೇಗ ರೊಟ್ಟಿ ಮುಗಿಸಿ ಗಂಡನ ಬಸ್ಸನ್ನೇ ಹತ್ತಿದಳು. ಪ್ರಭುರಾಜ ಟಿಕೆಟ್ ಮಷಿನ್ ಹಿಡಿದು ಅವಳ ಮುಂದೆ ನಿಂತ.

“ಎಲ್ಲಿಗೆ?”

“ಕನಕಗಿರಿ ಕಡೆ ಬಸ್ಸು ಸಿಗೂತನಾ ಹೋಗ್ತೀನಿ. ಹೆಂಗಸರ ಸೊನ್ನಿ ಟಿಕೆಟ್ ಕೊಡ್ರಿ.”

“ಹೋಗಬ್ಯಾಡ. ಅಲ್ಲಿ ಹೆಂಗಸರು ಬರಂಗಿಲ್ಲ. ಮಂದಿ ಕುಡದಿರ್ತಾರ.”

“ಗಾಡಿ ನಿಂತೈತಿ, ಟಿಕೆಟ್ ಕೊಡ್ರಿ ಕಂಡಕ್ಟರ್.”

ಕನಕಗಿರಿಯ ಹೊರಗೆ ಕಪ್ಪು ಹೊಲಗಳ ನಡುವಿನ ಕಚ್ಚಾ ದಾರಿಯ ಎರಡೂ ಕಡೆ ಜನ ನೆರೆದಿದ್ದರು. ಬಿಸಿಲಿಗೆ ಎಲ್ಲರ ತಲೆಯ ಮೇಲೂ ಟವೆಲ್. ಗಾಡಿಗಳು ಸಾಲಾಗಿ ನಿಂತಿದ್ದವು. ಮೈಕಿನವನು ಒಬ್ಬೊಬ್ಬ ಮಾಲೀಕನ ಹೆಸರು ಕೂಗುತ್ತಿದ್ದ. ಕರಿಬಸಪ್ಪನ ಸರದಿ ಬಂದಾಗ ಗೋಡೆಯ ಮೇಲಿದ್ದುದನ್ನೇ ಓದಿದ. ಯಲಬುರ್ಗಾ ಪ್ರಥಮ, ಕುಷ್ಟಗಿ ಪ್ರಥಮ, ಕನಕಗಿರಿ ಪ್ರಥಮ, ಗಂಗಾವತಿ ಪ್ರಥಮ, ಕೊಪ್ಪಳ ಪ್ರಥಮ, ಒಂದು ಶರ್ಯತ್ತನ್ನೂ ಸೋಲದೆ ನಮ್ಮನ್ನಗಲಿದ ಬಿಜಲಿ.

“ಶ್ರೀರಾಮನಗರ!” ಎಂದು ಗುರುಲಿಂಗಮ್ಮ ಕೂಗಿದಳು.

ಮೈಕಿನ ಸದ್ದಿನಲ್ಲಿ ಅದು ಹತ್ತು ಜನಕ್ಕೂ ಕೇಳಿಸಲಿಲ್ಲ. ಅವಳು ಜನರನ್ನು ಸರಿಸಿಕೊಂಡು ದಾರಿಗೆ ಇಳಿದಳು. ತಮ್ಮನ ಗಾಡಿಯ ಮುಂದೆ, ಬೂದು ಕುದುರೆಯ ಮೂಗಿನ ಕೆಳಗೆ, ನೆಲದ ಮೇಲೆ ಕೂತುಬಿಟ್ಟಳು.

ಮೊದಲು ನಗು ಎದ್ದಿತು. ಆಮೇಲೆ ಬೈಗುಳ. “ಯಾವಾಕಿಲೇ ಅಕಿ, ಎಳದ ಹಾಕ್ರಿ!” ಎಂದರು. ಮಣ್ಣಿನ ಹೆಂಟೆಯೊಂದು ಬಂದು ಬೆನ್ನಿಗೆ ಬಿತ್ತು. ಇನ್ನೊಂದು ಕಿವಿಗೆ ತಾಗಿ ರಕ್ತ ಬಂತು. ಬಾಯಿಗೆ ಬಂದ ಮಾತು ಆಡಿದರು, ಹೆಣ್ಣುಮಕ್ಕಳ ಮುಂದೆ ಆಡಬಾರದ ಮಾತು. ಅವಳೂ ಕೂತಲ್ಲಿಂದಲೇ ಅಷ್ಟೇ ಬಿರುಸಾಗಿ ತಿರುಗಿಸಿ ಬೈದಳು. ಕರಿಬಸಪ್ಪ ಓಡಿ ಬಂದು ರಟ್ಟೆ ಹಿಡಿದು ಎಳೆದ.

“ಏಳ! ಸಾವಿರ ಮಂದ್ಯಾಗ ನನ್ನ ಮಾನ ಕಳೀಬ್ಯಾಡ!”

“ಮೈಕಿನ್ಯಾಗ ಶ್ರೀರಾಮನಗರ ಅನ್ನು, ಏಳ್ತೀನಿ.”

“ಅನ್ನಂಗಿಲ್ಲ!”

“ಏಳಂಗಿಲ್ಲ!”

ಎಳೆದಷ್ಟೂ ಅವಳು ಭಾರವಾದಳು. ಬಳೆ ಒಡೆದವು. ಅವನು ಕೈ ಬಿಟ್ಟು ಹಿಂದೆ ಸರಿದು ಗಾಡಿಯ ಕಡೆ ನೋಡಿ ಕಿರುಚಿದ: “ಯಂಕೇಶಾ, ಹೊಡಿ ಗಾಡಿ! ಹೊಡಿ ನೀನು! ಗಾಡಿ ಬಂದ್ರ ತಾನ ಏಳ್ತಾಳ!”

ಯಂಕೇಶ ಹೊಡೆಯಲಿಲ್ಲ. ಲಗಾಮನ್ನು ಗಾಡಿಯ ಹಲಗೆಗೆ ಸುತ್ತಿ ಕೆಳಗಿಳಿದ.

“ಶ್ರೀರಾಮನಗರದಾಗೂ ಹಿಂಗ ಅಂದಿದ್ರಿ ಸಾವ್ಕಾರ” ಎಂದ.

“ಏನಂದಿ?”

“ಕುದುರಿ ಕುಂಟಾಕತ್ತೈತಿ, ಬ್ಯಾಡ್ರಿ ಅಂದೆ. ಹೊಡಿ ನೀನು, ಓಟ ಹತ್ತಿದ್ರ ತಾನ ಸುದ್ದ ಆಕ್ಕೈತಿ ಅಂದ್ರಿ. ಅರ್ಧಕ್ಕ ನಿಂತಬಿಡ್ತು ಅದು. ಬಾರಕೋಲ ನೀವ ಕೊಟ್ರಿ. ನಾನ ಹೊಡದೆ.” ಅವನ ದನಿ ದೊಡ್ಡದಿರಲಿಲ್ಲ. ಹತ್ತಿರ ನಿಂತವರು ಹಿಂದಿನವರಿಗೆ ದಾಟಿಸಿದರು, ಅವರು ಮತ್ತೆ ಅವರ ಹಿಂದಿನವರಿಗೆ. “ಹೊಡದ ಮ್ಯಾಲೆ ಓಡ್ತು. ಓಡಿ ಬಿತ್ತು. ಇನ್ನೊಮ್ಮಿ ನನ್ನ ಕಡಿಂದ ಆಗಂಗಿಲ್ರಿ.”

ಕರಿಬಸಪ್ಪ ಅವನ ಕೆನ್ನೆಗೆ ಬಾರಿಸಿದ. ಆಗ ಬೈಗುಳದ ಮುಖ ತಿರುಗಿತು. ಅದುವರೆಗೆ ಅವಳಿಗೆ ಹೆಂಟೆ ಎಸೆದವರೇ ಈಗ ಕರಿಬಸಪ್ಪನಿಗೆ ಎಸೆದರು. ಹಳದಿ ರುಮಾಲು ಕೆಳಗೆ ಬಿದ್ದು ಯಾರದೋ ಕಾಲಿಗೆ ಸಿಕ್ಕಿತು. ಬಳಗದ ಹುಡುಗರಿಗೆ ಶರ್ಯತ್ತು ತಡವಾಗುವುದೇ ದೊಡ್ಡ ಚಿಂತೆ. ಯಲಬುರ್ಗಾದ ಗಾಡಿ ತೆಗೆಯಿರಿ ಎಂದು ಮೈಕಿನಲ್ಲಿ ಹೇಳಿ ಬೂದು ಕುದುರೆಯನ್ನು ಪಕ್ಕಕ್ಕೆ ಎಳೆದುಕೊಂಡು ಹೋದರು. ಉಳಿದ ಗಾಡಿಗಳು ಓಡಿದವು. ಯಾರೋ ಗೆದ್ದರು.

ಗುರುಲಿಂಗಮ್ಮ ಸೆರಗಿನಿಂದ ಕಿವಿ ಒತ್ತಿ ಹಿಡಿದು ಯಂಕೇಶನ ಹತ್ತಿರ ಹೋದಳು. ಅವನು ಹುಣಸೆ ಮರದ ಕೆಳಗೆ ಒಬ್ಬನೇ ಬೀಡಿ ಸೇದುತ್ತಿದ್ದ.

“ನೀನೂ ಆವತ್ತು ಟೆಂಪೊದಾಗ ಕುಂತಿದ್ದಿ. ಒಂದು ಮಾತು ಹೇಳಲಿಲ್ಲ ನನಗ.”

“ಹೂಂ.”

“ಈಗ ಹೇಳಿದಿ ಅಂತ ಅದು ಹೋಗಂಗಿಲ್ಲ.”

“ನಿಮ್ಮ ಸಲುವಾಗಿ ಹೇಳಿಲ್ಲ ಬಿಡ್ರಿ” ಎಂದು ಯಂಕೇಶ ಮುಖ ತಿರುಗಿಸಿದ.

ಅವಳು ಬಸ್ಸಿಗೆ ನಡೆದಳು.

ವಾರದೊಳಗೆ ಗೋಡೆಯ ಮುಂದೆ ಓಬಳೆಪ್ಪನ ನಿಚ್ಚಣಿಕೆ ಮತ್ತೆ ನಿಂತಿತು. ಸುದ್ದಿ ಕೇಳಿದ ಗುರುಲಿಂಗಮ್ಮ ಹಿಟ್ಟಿನ ಕೈಯಲ್ಲಿಯೇ ಬಂದಳು. ಸಾಲು ಸೇರಿಸುತ್ತಾನೆ ಎಂದುಕೊಂಡಿದ್ದಳೋ ಏನೋ. ಬಂದು ನೋಡಿದರೆ ಊರುಗಳ ಹೆಸರು, ‘ಪ್ರಥಮ’, ರುಮಾಲು, ಢಾಲು ಎಲ್ಲ ಹೋಗಿ ಗೋಡೆ ಅರ್ಧಕ್ಕೆ ಬೆಳ್ಳಗಾಗಿತ್ತು. ಕುದುರೆಯ ಕುತ್ತಿಗೆ, ತಲೆ ಇನ್ನೂ ಉಳಿದಿದ್ದವು. ಓಬಳೆಪ್ಪನ ಕುಂಚ ಹಣೆಯ ಹತ್ತಿರ ಬಂದಿತ್ತು.

“ನಿಲ್ಲಸು!” ಎಂದು ಕೂಗಿದಳು. “ಕುದುರಿನ್ನ ಯಾಕ ಅಳಸಾಕತ್ತಿ?”

ಕರಿಬಸಪ್ಪ ಹೊಸ್ತಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. “ನಿನಗ ಬೇಕಾಗಿದ್ದು ಆತಲ್ಲ. ಇನ್ನೇನು?”

“ನಾ ಅಳಸಂದಿದ್ನೇನು? ಬರಿ ಅಂದಿದ್ದೆ.”

“ಬರ್ಯಂಗಿಲ್ಲ.”

“ತಪ್ಪು ನಿಂದು. ಅದರ ಮಾರಿಗೆ ಯಾಕ ಸುಣ್ಣ ಹೊಡಿತೀ? ಅದೇನ ಮಾಡಿತ್ತು ನಿನಗ?”

“ನನ್ನ ಗೋಡಿ ಮ್ಯಾಲ ಕುದುರಿನೂ ಬ್ಯಾಡ, ನನ್ನ ಬಾಗಲಕ್ಕ ನೀನೂ ಬ್ಯಾಡ. ಓಬಳೆಪ್ಪಾ, ಹೊಡಿಯೋ ಸುಣ್ಣ!”

ಅವಳು ಗೋಡೆ ಮುಟ್ಟುವುದಿಲ್ಲ ಎಂದು ಠಾಣೆಯಲ್ಲಿ ಮಾತು ಕೊಟ್ಟಿದ್ದಳು. ರಸ್ತೆಯ ಮೇಲೆಯೇ ನಿಂತಳು. ಓಬಳೆಪ್ಪ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ, ಬಾಯೊಳಗೆ ಇಬ್ಬರಿಗೂ ಏನೋ ಬೈದು, ಕುಂಚವನ್ನು ಸುಣ್ಣಕ್ಕೆ ಅದ್ದಿದ. ಹಣೆ, ಕಣ್ಣು, ಕಿವಿ ಹೋದವು. ಅವಳು ಕೊನೆಯವರೆಗೂ ನೋಡಿದಳು. ತಮ್ಮನ ಕೊಲೆ ಮಾಡುವಷ್ಟು ಸಿಟ್ಟು ತನಗೆ ಬಂದದ್ದು ಶ್ರೀರಾಮನಗರದ ದಿನ ಅಲ್ಲ, ಆವತ್ತು ಎಂದು ಅವಳು ಇಂದಿಗೂ ಹೇಳುತ್ತಾಳೆ. ನೆಲದಿಂದ ಒಂದು ಕಲ್ಲು ಎತ್ತಿದ್ದಳಂತೆ. ಬಾಗಿಲು ಮುಚ್ಚಿಕೊಂಡಿದ್ದರಿಂದ ಕಲ್ಲು ಬಾಗಿಲಿಗೆ ಬಿತ್ತು.

ಬೂದು ಕುದುರೆಯನ್ನು ಕರಿಬಸಪ್ಪ ಮಿರಜದವರಿಗೇ ತಿರುಗಿ ಕೊಟ್ಟ. ಗೋಡೆಯನ್ನು ಬೀಜದ ಕಂಪನಿಯೊಂದಕ್ಕೆ ಜಾಹೀರಾತಿಗೆ ಬಿಟ್ಟ. ಅಲ್ಲಿ ಈಗ ಮೆಕ್ಕೆಜೋಳದ ದೊಡ್ಡ ತೆನೆಯೊಂದಿದೆ. ಯಂಕೇಶನನ್ನು ಆಮೇಲೆ ಯಾವ ಮಾಲೀಕನೂ ಗಾಡಿಗೆ ಕರೆಯಲಿಲ್ಲ. ಕುಷ್ಟಗಿಯಲ್ಲಿ ಆಟೋ ಓಡಿಸುತ್ತಾನೆ. ಗುರುಲಿಂಗಮ್ಮ ಎದುರಿಗೆ ಬಂದರೆ ಅವನು ಆಟೋ ನಿಲ್ಲಿಸುವುದಿಲ್ಲ, ಅವಳೂ ಕೈ ಮಾಡುವುದಿಲ್ಲ. ಶಫೀಸಾಬ ಇನ್ನೊಂದು ಮರಿ ಕೊಡುತ್ತೇನೆ ಎಂದು ಪ್ರಭುರಾಜನ ಕಡೆ ಹೇಳಿ ಕಳಿಸಿದ್ದ. ಅವಳು ಬೇಡ ಎಂದಳು. ಯಾಕೆ ಎಂದು ಕೇಳಿದವರಿಗೆ, ಕಟ್ಟಲು ಜಾಗ ಎಲ್ಲಿದೆ ಎಂದಷ್ಟೇ ಹೇಳಿದಳು.

ಈ ವರ್ಷ ಕರಿಬಸಪ್ಪನ ಮಗಳ ಮದುವೆ ಆಯಿತು. ಕಾರ್ಡು ಪ್ರಭುರಾಜನ ಹೆಸರಿಗೆ ಮಾತ್ರ ಬಂತು. ಹೋಗಲೋ ಬೇಡವೋ ಎಂದು ಅವನು ಕೇಳಿದ. ಹೋಗ್ರಿ, ಆ ಹುಡುಗಿ ಏನು ಮಾಡಿದ್ದಾಳೆ ಎಂದು ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು. ತಾನು ಎಂದಿನಂತೆ ಖಾನಾವಳಿಗೆ ರೊಟ್ಟಿ ಬಡಿದಳು. ಮಧ್ಯಾಹ್ನ ಅವನು ಊಟ ಮಾಡಿ ಬಂದ.

“ಅಕ್ಕ ಯಾಕ ಬರಲಿಲ್ಲಂತ ಕೇಳಿದ್ನೇನು?” ಎಂದಳು.

“ಇಲ್ಲ.”

“ಛಲೋ ಆತು” ಎಂದು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.